ಆಳದ ನೀರೂ ಮುಳುಗುಗಾರನ ಗಡಿಯಾರವೂ

ಮುಂಗಾರು ಮೈದೋರಿ ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಬೆಳಗೊಳ ಸೀಮೆಯ ಮನೆಮನೆಯಲ್ಲಿಯೂ ಒಂದು ಸಂಖ್ಯೆಯ ಮಾತು ಮೊದಲಾಗುತ್ತದೆ. ಕೃಷ್ಣರಾಜಸಾಗರದ ನೀರು ಇಂದು ಎಷ್ಟು ಅಡಿಗೆ ಬಂದಿತು, ನೆನ್ನೆಗಿಂತ ಎಷ್ಟು ಏರಿತು ಎಂದು ಅಕ್ಷರ ಬಾರದ ಮುದುಕರೂ ವಿಚಾರಿಸುತ್ತಾರೆ. 124.80 ಅಡಿ ಎಂಬ ಅಂಕಿಯನ್ನು ಈ ಭಾಗದ ಮಕ್ಕಳು ಮಗ್ಗಿಗಿಂತ ಮೊದಲೇ ಕಲಿತಿರುತ್ತಾರೆಂದರೆ ಉತ್ಪ್ರೇಕ್ಷೆಯಾಗದು. ಈ ಸಂಖ್ಯೆಯನ್ನು ಜನರು ಕಬ್ಬು ಬತ್ತಗಳ ಲೆಕ್ಕದಲ್ಲಿ ಓದುವುದು ಸಹಜವೇ. ಆದರೆ ಅದನ್ನು ಭಾರದ ಲೆಕ್ಕದಲ್ಲಿಯೂ ಓದಬಹುದು. 124.80 ಅಡಿಯೆಂದರೆ 38 ಮೀಟರ್. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆಲ್ಲ ಒಂದೊಂದು ವಾಯುಭಾರದಷ್ಟು, ಎಂದರೆ ಚದರ ಸೆಂಟಿಮೀಟರ್ ಒಂದಕ್ಕೆ ಸುಮಾರು ಒಂದು ಕಿಲೋಗ್ರಾಂನಷ್ಟು, ಒತ್ತಡ ಹೆಚ್ಚುತ್ತದೆ. ಜಲಾಶಯ ತುಂಬಿ ತುಳುಕುವ ದಿನ ಕಟ್ಟೆಯ ಬುಡದಲ್ಲಿ ಒಂದು ಕೈಗಡಿಯಾರವನ್ನು ಇರಿಸಿದರೆ, ಮೂರು ಸೆಂಟಿಮೀಟರ್ ವ್ಯಾಸದ ಅದರ ಗಾಜಿನ ಮೇಲೆ ನೀರು 27 ಕಿಲೋ ಭಾರವನ್ನು ಹೇರುತ್ತದೆ. ಅರ್ಧ ಮೂಟೆ ಸಿಮೆಂಟನ್ನು ಗಾಜಿನ ಬಿಲ್ಲೆಯ ಮೇಲೆ ಹೊರಿಸಿದಂತೆ!

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಈ ಒತ್ತಡಕ್ಕೂ ಜಲಾಶಯದ ವಿಸ್ತಾರಕ್ಕೂ ಸಂಬಂಧವಿಲ್ಲ. ಹೊಲದ ಮೂಲೆಯ ಕೊಳವೆಬಾವಿಯಲ್ಲಿ ಗೇಣಗಲದ ನೀರು 38 ಮೀಟರ್ ಆಳವಿದ್ದರೂ ಅದರ ತಳದ ಒತ್ತಡ ಅಷ್ಟೇ. ಕಡಲಿನ ಹರಹು ಕಂಡು ಎದೆ ಝಲ್ಲೆನ್ನುವುದು ಕವಿಗೆ. ಗಡಿಯಾರಕ್ಕೆ ಲೆಕ್ಕ ಆಳವೊಂದೇ.

ಇನ್ನು ಆ ಗಡಿಯಾರದ ಬೆನ್ನನ್ನು ತಿರುವಿ ನೋಡಿದರೆ, ಇಂದು ಪೇಟೆಯಲ್ಲಿ ದೊರೆಯುವ ಬಹುಪಾಲು ಗಡಿಯಾರಗಳಲ್ಲಿ ‘ವಾಟರ್ ರೆಸಿಸ್ಟ್, 30 ಮೀಟರ್’ ಎಂದು ಕೊರೆದಿರುತ್ತದೆ. ಅದನ್ನು ಕಟ್ಟಿಕೊಂಡು 30 ಮೀಟರ್ ಆಳಕ್ಕೆ ಇಳಿಯಬಹುದೆಂದು ಭಾಷೆ ಬಲ್ಲ ಯಾವನಾದರೂ ಅರ್ಥಮಾಡುವನು. ತಯಾರಕರ ಕೈಪಿಡಿಯಾದರೋ ಬೇರೆಯದನ್ನೇ ಹೇಳುತ್ತದೆ: ಕೈ ತೊಳೆಯುವಾಗ ಸಿಡಿದ ಹನಿಗೆ, ಸಣ್ಣ ಮಳೆಗೆ ಅಂಜಬೇಕಾಗಿಲ್ಲ, ಈಜಬಾರದು. ಶಬ್ದ ಒಂದು, ಅರ್ಥ ಇನ್ನೊಂದು. ಶಬ್ದಾರ್ಥಗಳ ನಡುವೆ ಇಷ್ಟು ಬಿರುಕು ಎಲ್ಲಿಂದ ಬಂದಿತು? ನಿಜವಾಗಿ ಆಳಕ್ಕೆ ಇಳಿಯುವವನ ಗಡಿಯಾರದಲ್ಲಿ ಈ ಬಿರುಕನ್ನು ಹೇಗೆ ಮುಚ್ಚಿದ್ದಾರೆ? ಯಂತ್ರವಿದ್ಯೆಯವರು ಮಾತ್ರ ಕೇಳತಕ್ಕ ಪ್ರಶ್ನೆಗಳೆಂದು ಇವನ್ನು ಬಿಡುವಂತಿಲ್ಲ. ಮಕ್ಕಳಿಗೆ ಮಾತನ್ನೂ ಕೈಕೆಲಸವನ್ನೂ ಒಟ್ಟಿಗೆ ಕಲಿಸಬೇಕೆನ್ನುವ ಶಾಲೆಯ ಉಪಾಧ್ಯಾಯರಿಗೂ ಪೋಷಕರಿಗೂ ಇದರಲ್ಲಿ ಯೋಚಿಸತಕ್ಕದ್ದು ಉಂಟು.

ಮೊದಲು ಪದದ ವಿಚಾರ. ಹಿಂದೆ ‘ವಾಟರ್‌ಪ್ರೂಫ್’ ಎಂಬ ಮಾತು ಧಾರಾಳವಾಗಿ ಬಳಕೆಯಲ್ಲಿತ್ತು. ಅದನ್ನು ಕನ್ನಡಿಸುವುದಾದರೆ ‘ಜಲಾಭೇದ್ಯ’, ನೀರಿನಿಂದ ಭೇದಿಸಲಾಗದ್ದು, ಎನ್ನಬೇಕು. ಗಡಿಯಾರಗಳ ಅಂತರರಾಷ್ಟ್ರೀಯ ಮಾನದಂಡಗಳು ಈಗ ಆ ಮಾತನ್ನು ಒಪ್ಪದೆ ‘ಜಲರೋಧಕ’ ಎಂಬ ಅರ್ಥದ ಪದವನ್ನು ಇಟ್ಟುಕೊಂಡಿವೆ. ರೋಧಿಸುವುದೆಂದರೆ ತಡೆಯುವುದು. ತಡೆಗೆ ಮಿತಿಯುಂಟು, ಅವಧಿಯುಂಟು. ಅಭೇದ್ಯಕ್ಕೆ ಅವೆರಡೂ ಇಲ್ಲ. ಈ ತಿದ್ದುಪಡಿಯನ್ನು ಮಾಡಿದವರು ವೈಯಾಕರಣರಲ್ಲ, ಆದರೂ ಪದವಿವೇಕವನ್ನು ಮೆಚ್ಚತಕ್ಕದ್ದೇ.

ಕಾಲಕ್ಕೂ ನೀರಿಗೂ ಈ ನಾಡಿನಲ್ಲಿದ್ದ ಹಳೆಯ ನಂಟನ್ನು ನೆನೆದರೆ ಮುಳುಗುಗಾರನ ಗಡಿಯಾರದ ವಿಚಿತ್ರ ಇನ್ನೂ ಚೆನ್ನಾಗಿ ಮನಸ್ಸಿಗೆ ಬರುತ್ತದೆ. ಮದುವೆಯ ಮನೆಗಳಲ್ಲಿ ಮುಹೂರ್ತವನ್ನು ಗೊತ್ತುಮಾಡಲು ಗಳಿಗೆ ಬಟ್ಟಲನ್ನು ಇಡುತ್ತಿದ್ದರು. ತಾಮ್ರದ ಬಟ್ಟಲಿನ ತಳದಲ್ಲಿ ಸೂಜಿಮೊನೆಯಷ್ಟು ರಂಧ್ರ. ಕೊಪ್ಪರಿಗೆಯ ನೀರಿನ ಮೇಲೆ ತೇಲಬಿಟ್ಟರೆ ನೀರು ಒಳನುಗ್ಗಿ 24 ನಿಮಿಷಕ್ಕೆ ಅದು ಮುಳುಗಬೇಕು. ಅದೇ ಒಂದು ಗಳಿಗೆ. ಅಂಥವು ಅರವತ್ತು ಸೇರಿದರೆ ಒಂದು ಅಹೋರಾತ್ರಿ. ಭಾಸ್ಕರಾಚಾರ್ಯರ ಮಗಳು ಲೀಲಾವತಿ ಬಗ್ಗಿ ನೋಡುವಾಗ ಒಡವೆಯ ಮುತ್ತೊಂದು ಬಟ್ಟಲಿಗೆ ಬಿದ್ದು ರಂಧ್ರ ಮುಚ್ಚಿ ಮುಹೂರ್ತ ತಪ್ಪಿತೆಂಬ ಐತಿಹ್ಯವನ್ನು ಕೇಳದವರಿಲ್ಲ. ಆ ಯಂತ್ರದಲ್ಲಿ ನೀರು ಒಳಗೆ ಬಂದರೆ ಕಾಲ ನಡೆಯುತ್ತದೆ, ರಂಧ್ರ ಮುಚ್ಚಿದರೆ ನಿಲ್ಲುತ್ತದೆ. ಮುಳುಗುಗಾರನ ಗಡಿಯಾರದಲ್ಲಿ ಇದೆಲ್ಲವೂ ತಲೆಕೆಳಗು: ಒಂದು ಹನಿ ಒಳಹೊಕ್ಕರೆ ಕಾಲ ನಿಂತಂತೆಯೇ.

ನೀರಿನೊಳಗೆ ಕಾಲ ನಿಂತರೆ ಆಗುವ ಅನಾಹುತವೇನು ಎಂದು ಕೇಳಬಹುದು. ಪತ್ರಿಕೆಗಳು ಮುಳುಗುತಜ್ಞನೆಂದು ಕರೆಯುವ ಮನುಷ್ಯನು ಬೆನ್ನಿಗೆ ಗಾಳಿಯ ಕೊಳಾಯಿ ಕಟ್ಟಿಕೊಂಡು ಇಳಿದಾಗ, ಆಳದ ಒತ್ತಡದಲ್ಲಿ ಗಾಳಿಯ ನೈಟ್ರೋಜನ್ ಅವನ ರಕ್ತದಲ್ಲಿಯೂ ಮಾಂಸದಲ್ಲಿಯೂ ಕರಗಿ ಸೇರುತ್ತದೆ. ಎಷ್ಟು ಆಳ, ಎಷ್ಟು ಹೊತ್ತು ಎಂಬುದರ ಮೇಲೆ ಅದರ ಪ್ರಮಾಣ. ಅವನು ತಟ್ಟನೆ ಮೇಲೆದ್ದರೆ ಗೋಲಿಸೋಡದ ಗೋಲಿ ಒತ್ತಿದಾಗ ಆಗುವುದೇ ಅವನ ಮೈಯೊಳಗೆ ಆಗುತ್ತದೆ. ಕರಗಿದ್ದ ಅನಿಲವೆಲ್ಲ ಗುಳ್ಳೆಯಾಗಿ ಕೀಲುಗಳಲ್ಲಿ, ಬೆನ್ನುಹುರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಡುವೆ ತಂಗಿ ತಂಗಿ, ನಿಮಿಷ ಎಣಿಸಿ ಎಣಿಸಿ ಏರಬೇಕೆಂಬ ಕೋಷ್ಟಕವನ್ನು ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರಶಾಸ್ತ್ರಜ್ಞನು 1908ರಲ್ಲಿ ಪ್ರಕಟಿಸಿದನು. ಹೀಗಾಗಿ ಅವನ ಗಡಿಯಾರ ಅಲಂಕಾರವಲ್ಲ, ಪ್ರಾಣದ ಲೆಕ್ಕ. ಅದರ ಮುಖದ ಸುತ್ತ ತಿರುಗುವ ಉಂಗುರವೊಂದು ಇರುತ್ತದೆ. ಇಳಿಯುವ ಮುನ್ನ ಉಂಗುರದ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ ಕಳೆದ ಹೊತ್ತು ನೇರವಾಗಿ ಓದಿಗೆ ಸಿಕ್ಕುತ್ತದೆ. ಆ ಉಂಗುರ ಅಪ್ರದಕ್ಷಿಣವಾಗಿ ಮಾತ್ರ ತಿರುಗುವಂತೆ ಒಳಗೆ ಹಲ್ಲುಗಳನ್ನು ಮಾಡಿರುತ್ತಾರೆ. ಬಂಡೆಗೋ ಹಗ್ಗಕ್ಕೋ ತಗುಲಿ ಅದು ಜರುಗಿದರೂ ಕಳೆದ ಹೊತ್ತು ಇದ್ದುದಕ್ಕಿಂತ ಹೆಚ್ಚಾಗಿ ಕಾಣುವುದೇ ಹೊರತು ಕಡಮೆಯಾಗಿ ಕಾಣದು; ಮುಳುಗುಗಾರನು ಬೇಗ ಮೇಲೆ ಹೊರಡುವನು. ತಪ್ಪುವುದಾದರೂ ಪ್ರಾಣದ ಕಡೆಗೇ ತಪ್ಪಲಿ ಎಂಬ ಈ ಏರ್ಪಾಡನ್ನು ಕಲ್ಪಿಸಿದವನು ದೊಡ್ಡ ಮನುಷ್ಯನೇ ಸರಿ.

ಈಗ ಕಟ್ಟಡಕ್ಕೆ ಬರೋಣ. ಆಳಕ್ಕೆ ಇಳಿಯುವ ಗಡಿಯಾರವೆಂದರೆ ದಪ್ಪನಾದ ಉಕ್ಕಿನ ಡಬ್ಬಿ ಎಂದು ಸಾಮಾನ್ಯರ ಭಾವನೆ. ದಪ್ಪ ಬೇಕು, ನಿಜ. ಆದರೆ ಗೋಡೆಯನ್ನು ಗಟ್ಟಿಮಾಡುವುದು ಸುಲಭದ ಕೆಲಸ. ಬೆಳಗೊಳದವರಿಗೆ ಇದಕ್ಕೆ ದೃಷ್ಟಾಂತವನ್ನು ದೂರದಿಂದ ತರಬೇಕಾಗಿಲ್ಲ. 1911ರಲ್ಲಿ ಮೊದಲಾದ ಕನ್ನಂಬಾಡಿ ಕಟ್ಟೆಯನ್ನು ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ ಕಟ್ಟಿದರು. ಬುಡ ಅಗಲ, ತಲೆ ಕಿರಿದು. ಎಲ್ಲಿ ಒತ್ತಡ ಹೆಚ್ಚೋ ಅಲ್ಲಿ ಕಲ್ಲು ಹೆಚ್ಚು. ಆ ಗೋಡೆ ತೊಂಬತ್ತು ವರ್ಷಕ್ಕೂ ಮೀರಿ ಅಲುಗದೆ ನಿಂತಿದೆ. ಸೋರಿದ್ದು ಯಾವುದು? ತೂಬಿನ ಬಾಗಿಲುಗಳು. ಹಳೆಯ ಗೇಟುಗಳ ಅಂಚಿನಿಂದ ನೀರು ಪೋಲಾಗುತ್ತಿದ್ದುದರಿಂದ ಈಚಿನ ವರ್ಷಗಳಲ್ಲಿ ಅವನ್ನು ಬದಲಾಯಿಸಬೇಕಾಯಿತು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಸರಪಣಿ ಕಡಿದು ಕೊಚ್ಚಿಹೋದಾಗಲೂ ಗೋಡೆಗೆ ಏನೂ ಆಗಲಿಲ್ಲ. ತೆರೆಯಲೂ ಬೇಕು, ಮುಚ್ಚಲೂ ಬೇಕು ಎನ್ನುವ ಜಾಗದಲ್ಲಿಯೇ ನೀರು ತನ್ನ ದಾರಿಯನ್ನು ಹುಡುಕುತ್ತದೆ.

ಕೈಗಡಿಯಾರಕ್ಕೆ ಇಂಥ ಬಾಗಿಲು ಮೂರು: ಮುಂದಿನ ಗಾಜು, ಹಿಂದಿನ ಮುಚ್ಚಳ, ಪಕ್ಕದಲ್ಲಿ ಕೀಲಿ ಕೊಡುವ ಗುಂಡಿ. ಮೊದಲ ಎರಡು ಒಮ್ಮೆ ಕೂಡಿಸಿದ ಮೇಲೆ ಅಲ್ಲಾಡುವುದಿಲ್ಲ. ಗುಂಡಿಯದೇ ಕಷ್ಟ. ಅದರ ಕಡ್ಡಿ ಗೋಡೆಯನ್ನು ತೂರಿ ಒಳಗಿನ ಯಂತ್ರವನ್ನು ಮುಟ್ಟಬೇಕು, ತಿರುಗಬೇಕು, ಹೊರಕ್ಕೆ ಎಳೆಯಲೂ ಬರಬೇಕು, ಆದರೆ ನೀರು ಬರಬಾರದು. ಮೈಸೂರಿಗೆ ನೀರು ಎತ್ತುವ ಬೆಳಗೊಳದ ಪಂಪುಮನೆಯಲ್ಲಿ ಕೆಲಸ ಮಾಡಿದವರಿಗೆ ಈ ತೊಡಕು ಚಿರಪರಿಚಿತ. ತಿರುಗುವ ದಂಡ ಪಂಪಿನ ಮೈಯನ್ನು ತೂರುವ ಎಡೆಯಲ್ಲಿ ಗ್ಲ್ಯಾಂಡ್ ಎಂದು ಇಟ್ಟು ಎಣ್ಣೆ ಹಚ್ಚಿದ ಹುರಿಯನ್ನು ಸುತ್ತಿ ಬಿಗಿಯುತ್ತಾರೆ. ಹೆಚ್ಚು ಬಿಗಿದರೆ ದಂಡ ಕಾದು ಸವೆಯುತ್ತದೆ, ಸಡಿಲ ಬಿಟ್ಟರೆ ನೀರು ಚಿಮ್ಮುತ್ತದೆ. ಪಂಪಿನಲ್ಲಿ ಹನಿ ಹನಿ ಸೋರಿದರೆ ಒಳ್ಳೆಯದೆಂದೇ ಬಿಡುವ ರೂಢಿಯುಂಟು. ಗಡಿಯಾರಕ್ಕೆ ಆ ರಿಯಾಯಿತಿ ಇಲ್ಲ.

ಈ ಗುಂಡಿಯನ್ನೇ ತಿರುಪಿನ ಮುಚ್ಚಳವನ್ನಾಗಿ ಮಾಡಿ ಕವಚಕ್ಕೆ ಬಿಗಿಯುವ ಉಪಾಯವನ್ನು ರೋಲೆಕ್ಸ್ ಸಂಸ್ಥೆಯು 1926ರಲ್ಲಿ ‘ಆಯಿಸ್ಟರ್’, ಎಂದರೆ ಸಿಂಪಿ, ಎಂಬ ಹೆಸರಿನ ಗಡಿಯಾರದಲ್ಲಿ ತಂದಿತು. ಮರುವರ್ಷ ಅಕ್ಟೋಬರ್ 21ರಂದು ಮರ್ಸಿಡಿಸ್ ಗ್ಲೈಟ್ಸ್ ಎಂಬ ಆಂಗ್ಲ ಯುವತಿಯು ಅದನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಡಲ್ಗಾಲುವೆಗೆ ಇಳಿದಳು. ಹತ್ತು ಗಂಟೆಗೂ ಹೆಚ್ಚು ಕಾಲ ಈಜಿ, ಕೊರೆಯುವ ಚಳಿಗೆ ಮೈ ಮರಗಟ್ಟಿ, ದಡ ಸೇರುವ ಮುನ್ನವೇ ಅವಳನ್ನು ದೋಣಿಗೆ ಎತ್ತಿಕೊಳ್ಳಬೇಕಾಯಿತು. ಗಡಿಯಾರ ಮಾತ್ರ ನಡೆಯುತ್ತಲೇ ಇತ್ತು. ಸಂಸ್ಥೆಯು ಪತ್ರಿಕೆಯ ಮೊದಲ ಪುಟದಲ್ಲಿ ಜಾಹೀರಾತು ಕೊಟ್ಟು ಗಡಿಯಾರದ ಕೀರ್ತಿಯನ್ನು ಮೆರೆಸಿತು. ಆ ಹೆಣ್ಣುಮಗಳ ಸಹನೆಯನ್ನು ಹೊಗಳಿದವರು ಅಷ್ಟಿಲ್ಲವೆಂಬುದು ಬೇರೆ ಮಾತು.

ತಿರುಪಿಗಿಂತಲೂ ಒಳಗೆ, ಕಣ್ಣಿಗೆ ಕಾಣದೆ, ನಿಜವಾದ ಕಾವಲುಗಾರನಿದ್ದಾನೆ. ಅದು ರಬ್ಬರಿನ ಬಳೆ. ಅಡಿಗೆಮನೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಎನ್ನುವುದರ ತಂಗಿ. ತೋಡಿನಲ್ಲಿ ಕುಳಿತ ಈ ಬಳೆಯನ್ನು ನೀರು ಒತ್ತಿದಷ್ಟೂ ಅದು ಚಪ್ಪಟೆಯಾಗಿ ಎದುರಿನ ಸಂದಿಗೆ ಇನ್ನಷ್ಟು ಬಿಗಿಯಾಗಿ ಅಂಟುತ್ತದೆ. ಗೋಲಿಸೋಡದ ಶೀಶೆಯಲ್ಲಿಯೂ ನಡೆಯುವುದು ಇದೇ. ಒಳಗಿನ ಅನಿಲವೇ ಗೋಲಿಯನ್ನು ಕತ್ತಿನ ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಅನಿಲ ಹೆಚ್ಚಾದಷ್ಟೂ ಬಾಗಿಲು ಭದ್ರ. ಶತ್ರುವಿನ ಬಲವನ್ನೇ ಕೋಟೆಯ ಅಗುಳಿಯನ್ನಾಗಿ ಮಾಡಿಕೊಳ್ಳುವ ಈ ಚಮತ್ಕಾರವನ್ನು ಆಳದ ಗಡಿಯಾರಗಳಲ್ಲಿ ಗಾಜಿಗೂ ಹಿಂಬದಿಯ ಮುಚ್ಚಳಕ್ಕೂ ಅನ್ವಯಿಸುತ್ತಾರೆ. ಆಳ ಹೆಚ್ಚಿದಂತೆ ನೀರೇ ಅವನ್ನು ಪೀಠಕ್ಕೆ ಒತ್ತಿ ಕೂರಿಸುವಂತೆ ಅಂಚನ್ನು ಕಡೆದಿರುತ್ತಾರೆ. ಆದರೆ ರಬ್ಬರು ಲೋಹವಲ್ಲ. ಬಿಸಿಲಿಗೆ, ಬೆವರಿಗೆ, ಸಾಬೂನಿಗೆ, ಬರಿಯ ವಯಸ್ಸಿಗೆ ಅದು ಬಿರುಸಾಗುತ್ತದೆ. ಚಳಿಗೆ ಸೆಡೆತ ರಬ್ಬರಿನ ಬಳೆಯೊಂದರಿಂದ 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಏಳು ಮಂದಿಯೊಂದಿಗೆ ನಾಶವಾಯಿತು. ಗಡಿಯಾರದ ಬಳೆ ಕೆಟ್ಟರೆ ಅಷ್ಟು ದೊಡ್ಡ ಸದ್ದಾಗುವುದಿಲ್ಲ. ಗಾಜಿನ ಒಳಮೈ ಬೆವರುತ್ತದೆ, ಅಷ್ಟೆ. ರನ್ನನ ಕಾವ್ಯದಲ್ಲಿ ವೈಶಂಪಾಯನ ಸರೋವರದ ನೀರಿನಲ್ಲಿ ಅಡಗಿದ್ದ ದುರ್ಯೋಧನನು ಬೆವರಿದ್ದು ಭೀಮನ ಕೂಗಿಗೆ ಸಿಟ್ಟಾಗಿ. ಗಡಿಯಾರದ ಬೆವರಿಗೆ ಅಂಥ ವೀರರಸದ ಕಾರಣವೇನೂ ಇಲ್ಲ, ಮುಚ್ಚಳ ತೆಗೆದವನು ಹಳೆಯ ಬಳೆಯನ್ನೇ ಮತ್ತೆ ಹಾಕಿರುತ್ತಾನೆ.

ಗಾಜಿನ ವಿಚಾರದಲ್ಲಿ ಒಂದು ಮಾತು. ಉತ್ತಮ ಗಡಿಯಾರಗಳ ಗಾಜನ್ನು ‘ಸಫೈರ್’ ಎನ್ನುತ್ತಾರೆ. ನೀಲಮಣಿಯೆಂದು ಅರ್ಥಮಾಡಿ ನೀಲಿಯ ಬಣ್ಣವನ್ನು ಹುಡುಕಬಾರದು. ಅದು ಕುಲುಮೆಯಲ್ಲಿ ಬೆಳೆಸಿದ, ಬಣ್ಣವಿಲ್ಲದ ಕುರುಂದ. ಕುಡುಗೋಲಿಗೆ ಸಾಣೆ ಹಿಡಿಯುವ ಕುರುಂದದ ಕಲ್ಲಿನ ದ್ರವ್ಯವೂ ಅದೇ. ಇಂಗ್ಲಿಷಿನ ‘ಕೊರಂಡಮ್’ ಎಂಬ ಹೆಸರೂ ದ್ರಾವಿಡ ಭಾಷೆಗಳಿಂದಲೇ ಹೋದದ್ದು. ವಜ್ರವೊಂದನ್ನು ಬಿಟ್ಟರೆ ಅದನ್ನು ಗೀರಬಲ್ಲ ವಸ್ತುಗಳು ವಿರಳ. ಆಳಕ್ಕೆ ಇಳಿಯುವ ಗಡಿಯಾರದಲ್ಲಿ ಇದರ ದಪ್ಪವನ್ನು ಹೆಚ್ಚಿಸಿ, ಬಾಗದಂತೆ ಮಾಡುತ್ತಾರೆ; ಬಾಗಿದರೆ ಮುಳ್ಳುಗಳಿಗೆ ತಗುಲಿ ಗಡಿಯಾರ ನಿಲ್ಲುತ್ತದೆ.

1953ರಲ್ಲಿ ಫ್ರೆಂಚ್ ನೌಕಾದಳದ ಮುಳುಗುಗಾರ ಯೋಧರಿಗೋಸ್ಕರ ಬ್ಲಾಂಕ್‌ಪಾ ಎಂಬ ಸ್ವಿಸ್ ಸಂಸ್ಥೆಯು ಮಾಡಿದ ಗಡಿಯಾರದ ಹೆಸರು ‘ಫಿಫ್ಟಿ ಫ್ಯಾದಮ್ಸ್’. ಫ್ಯಾದಮ್ ಎಂದರೆ ಎರಡು ಕೈ ಚಾಚಿದ ಅಳತೆ, ಕನ್ನಡದ ‘ಮಾರು’. ಬಾವಿಯ ಹಗ್ಗವನ್ನು ಇಂದಿಗೂ ಹಳ್ಳಿಗರು ಮಾರಿನಲ್ಲಿಯೇ ಅಳೆಯುವುದರಿಂದ ‘ಐವತ್ತು ಮಾರಿನ ಗಡಿಯಾರ’ ಎಂದರೆ ಇಲ್ಲಿ ಯಾರಿಗೂ ವಿವರಣೆ ಬೇಕಾಗದು. ಅಲ್ಲಿಂದ ಏಳು ವರ್ಷಕ್ಕೆ, 1960ರ ಜನವರಿ 23ರಂದು, ಜಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ಇಬ್ಬರೂ ‘ಟ್ರಿಯೆಸ್ಟ್’ ಎಂಬ ನೌಕೆಯಲ್ಲಿ ಪೆಸಿಫಿಕ್ ಮಹಾಸಾಗರದ ಅತ್ಯಂತ ಆಳದ ಕಮರಿಗೆ, 10,916 ಮೀಟರ್ ಕೆಳಕ್ಕೆ, ಇಳಿದರು. ನೌಕೆಯ ಹೊರಮೈಗೆ ಕಟ್ಟಿದ್ದ ಒಂದು ಗಡಿಯಾರ ಹೋಗಿ ಬಂದ ಮೇಲೂ ನಡೆಯುತ್ತಿತ್ತು. ಅಲ್ಲಿ, ಮೊದಲು ಹೇಳಿದ ಮೂರು ಸೆಂಟಿಮೀಟರ್ ವ್ಯಾಸದ ಗಾಜಿನ ಮೇಲೆ ಬೀಳುವ ಭಾರ ಎಂಟು ಟನ್ನಿಗೆ ಸಮೀಪ. ಆ ಗಡಿಯಾರದ ಗಾಜು ಗೋಲಿಯಂತೆ ಉಬ್ಬಿತ್ತು; ಯಾವ ಅಂಗಿಯ ತೋಳಿನ ಕೆಳಗೂ ಅದು ಹಿಡಿಸದು. ಸಾಹಸವನ್ನು ಕೊಂಡಾಡೋಣ. ಆದರೆ ಮನುಷ್ಯನ ಮೈ ಹೋಗಲಾರದ ಆಳಕ್ಕೆ ಮನುಷ್ಯನ ಕೈಗಡಿಯಾರ ಏಕೆ ಹೋಗಬೇಕು ಎಂದು ಕೇಳಿದರೆ, ಕೀರ್ತಿಗೆ ಎಂಬುದನ್ನು ಬಿಟ್ಟು ಬೇರೆ ಉತ್ತರವಿಲ್ಲ. 2022ರಿಂದ 11,000 ಮೀಟರ್ ಎಂದು ಬರೆದ ಗಡಿಯಾರವನ್ನೇ ಸಿರಿವಂತರಿಗೆ ಮಾರುತ್ತಿದ್ದಾರೆ.

ಇದಕ್ಕಿಂತ ಹೆಚ್ಚು ಬೋಧಪ್ರದವಾದದ್ದು ಹೀಲಿಯಮ್ಮಿನ ಕಥೆ. ಕಡಲಿನಲ್ಲಿ ಎಣ್ಣೆಬಾವಿಗಳ ಕೆಲಸ ಮಾಡುವ ಮುಳುಗುಗಾರರು ದಿನಗಟ್ಟಲೆ ಒತ್ತಡದ ಕೋಣೆಯಲ್ಲಿಯೇ ವಾಸಿಸಿ ಹೀಲಿಯಂ ಬೆರೆತ ಗಾಳಿಯನ್ನು ಉಸಿರಾಡುತ್ತಾರೆ. ಹೀಲಿಯಮ್ಮಿನ ಪರಮಾಣು ಎಷ್ಟು ಸಣ್ಣದೆಂದರೆ ನೀರನ್ನು ತಡೆದ ರಬ್ಬರಿನ ಬಳೆಯನ್ನು ಅದು ಮೆಲ್ಲನೆ ನುಸುಳಿ ಗಡಿಯಾರದ ಒಳಗೆ ತುಂಬಿಕೊಳ್ಳುತ್ತದೆ. ಕೆಲಸ ಮುಗಿದು ಕೋಣೆಯ ಒತ್ತಡವನ್ನು ಇಳಿಸುವಾಗ ಒಳಗೆ ಸಿಕ್ಕ ಅನಿಲ ಅಷ್ಟೇ ಬೇಗ ಹೊರಬರಲಾರದೆ ಗಾಜನ್ನೇ ಹಾರಿಸಿಬಿಡುತ್ತಿತ್ತು. ಹೊರಗಿನ ಶತ್ರುವಿಗೆ ಕಟ್ಟಿದ ಕೋಟೆ ಒಳಗಿನಿಂದ ಒಡೆಯಿತು. ಇದಕ್ಕೆ ಎರಡು ಪರಿಹಾರ ಬಂದವು. ಯೂರೋಪಿನವರು 1967ರ ಹೊತ್ತಿಗೆ ಕವಚದ ಪಕ್ಕಕ್ಕೆ ಹೊರಮುಖವಾಗಿ ಮಾತ್ರ ತೆರೆಯುವ ಸಣ್ಣ ಕವಾಟವನ್ನು ಇಟ್ಟರು. ಕುಕ್ಕರಿನ ಸೇಫ್ಟಿ ವಾಲ್ವಿನಂತೆ ಅನಿಲವನ್ನು ಬಿಟ್ಟುಬಿಡುವ ದಾರಿ. ಜಪಾನಿನ ಸೈಕೋ ಸಂಸ್ಥೆಯವರು ಏಳು ವರ್ಷ ಶ್ರಮಪಟ್ಟು 1975ರಲ್ಲಿ ಬೇರೊಂದು ದಾರಿಯನ್ನು ಹಿಡಿದರು. ಟೈಟಾನಿಯಂ ಲೋಹದ ಕವಚ, ಅದಕ್ಕೆ ಹಿಂದೆ ಮುಚ್ಚಳವೇ ಇಲ್ಲ, ಯಂತ್ರವನ್ನು ಮುಂದಿನಿಂದಲೇ ಇಳಿಸಿ ಗಾಜಿನ ಅಡಿಯಲ್ಲಿ ‘ಎಲ್’ ಆಕಾರದ ಬಳೆಯನ್ನು ಕೂರಿಸಿ, ಹೀಲಿಯಂ ಒಳಗೆ ಬರುವುದನ್ನೇ ತಡೆದರು. ಮೂರು ಬಾಗಿಲುಗಳಲ್ಲಿ ಒಂದನ್ನು ಗೋಡೆಯನ್ನಾಗಿ ಮಾಡಿದಂತಾಯಿತು. ಈ ಎರಡನೆಯ ದಾರಿಯೇ ಶ್ರೇಷ್ಠವೆಂದು ಹೇಳಲು ಸಂಕೋಚಪಡಬೇಕಾಗಿಲ್ಲ. ಕವಾಟವೆಂದರೆ ಇನ್ನೊಂದು ತೂತು. ಅದಕ್ಕೂ ಒಂದು ಬಳೆ, ಆ ಬಳೆಗೂ ಒಂದು ಮುಪ್ಪು. ಆದರೆ ಅಂಗಡಿಯಲ್ಲಿ ಕವಾಟ ಕಣ್ಣಿಗೆ ಕಾಣುತ್ತದೆ, ಇಲ್ಲದ ಮುಚ್ಚಳ ಕಾಣುವುದಿಲ್ಲ. ಆದುದರಿಂದ ಹೀಲಿಯಮ್ಮನ್ನು ಬಲೂನಿನಲ್ಲಿ ಮಾತ್ರ ಕಂಡವರೂ ಕವಾಟಕ್ಕೆ ಹಣ ಕೊಡುತ್ತಾರೆ.

ಮೂರನೆಯ ಉಪಾಯವೂ ಒಂದುಂಟು. ಗಡಿಯಾರದೊಳಗೆ ಗಾಳಿಯನ್ನೇ ಇಡದೆ ತಿಳಿಯಾದ ಎಣ್ಣೆಯನ್ನು ತುಂಬುವುದು. ಎಣ್ಣೆ ಹೆಚ್ಚುಕಡಮೆ ಕುಗ್ಗದ ವಸ್ತುವಾದುದರಿಂದ ಒಳಗೂ ಹೊರಗೂ ಒತ್ತಡ ಸಮನಾಗಿ ಗಾಜಿಗೆ ಭಾರವೇ ಇಲ್ಲ. ಕೃಷ್ಣರಾಜಸಾಗರದ ತಳದ ಮೀನಿಗೆ ಉಕ್ಕಿನ ಕವಚವಿಲ್ಲವಷ್ಟೆ. ಅದರ ಮೈಯೇ ಬಹುಪಾಲು ನೀರು. ಬ್ಯಾಟರಿಯ ಗಡಿಯಾರಗಳಿಗೆ ಮಾತ್ರ ಇದು ಸಾಧ್ಯ. ಅತ್ತಿತ್ತ ಓಲಾಡುವ ಚಕ್ರವುಳ್ಳ ಕೀಲಿಯ ಗಡಿಯಾರ ಎಣ್ಣೆಯಲ್ಲಿ ಉಸಿರುಕಟ್ಟಿದಂತಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಗಡಿಯಾರಕ್ಕೆ ಮುಳುಗುಗಾರನದೆಂಬ ಹೆಸರು ತಾನಾಗಿ ಬರುವುದಿಲ್ಲ. ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡವು 1982ರಲ್ಲಿ ಮೊದಲು ಹೊರಟು ಬಳಿಕ ಪರಿಷ್ಕೃತವಾಗಿದೆ. ಅದರಂತೆ ಕನಿಷ್ಠ ನೂರು ಮೀಟರಿನ ಯೋಗ್ಯತೆಯಿರಬೇಕು, ಬರೆದ ಆಳಕ್ಕಿಂತ ಕಾಲುಭಾಗ ಹೆಚ್ಚು ಒತ್ತಡದಲ್ಲಿ ಪರೀಕ್ಷಿಸಬೇಕು, ಬಿಸಿನೀರಿನಿಂದ ತಣ್ಣೀರಿಗೆ, ಮತ್ತೆ ಬಿಸಿನೀರಿಗೆ ಹಾಕಿ ನೋಡಬೇಕು, ಉಪ್ಪುನೀರಿನಲ್ಲಿ ಇಡಬೇಕು, ಕತ್ತಲೆಯಲ್ಲಿ 25 ಸೆಂಟಿಮೀಟರ್ ದೂರದಿಂದ ಹೊತ್ತು ಓದಲು ಬರಬೇಕು. ಇದೆಲ್ಲಕ್ಕಿಂತ ಮಿಗಿಲಾದ ನಿಯಮ, ಒತ್ತಡದ ಪರೀಕ್ಷೆಗೆ ಪ್ರತಿಯೊಂದು ಗಡಿಯಾರವೂ ಒಳಪಡಬೇಕೆಂಬುದು. ಸಾಮಾನ್ಯ ಜಲರೋಧಕ ಗಡಿಯಾರಗಳಿಗೆ ಮಾದರಿಯ ಕೆಲವನ್ನು ಪರೀಕ್ಷಿಸಿದರೆ ಸಾಕು. ಮೊದಲು ಕೇಳಿದ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಇಲ್ಲಿದೆ. ‘30 ಮೀಟರ್’ ಎಂಬುದು ಹೊಸ ಬಳೆಯುಳ್ಳ, ನಿಶ್ಚಲವಾದ, ಒಂದು ಮಾದರಿಯ ಗಡಿಯಾರದ ಮಾತು. ಕೈಯಲ್ಲಿರುವ ಗಡಿಯಾರದ ಮಾತಲ್ಲ. ಕೈ ಬೀಸಿ ಈಜಿದರೆ ಒತ್ತಡ ಹಲವು ಪಟ್ಟು ಹೆಚ್ಚುತ್ತದೆಂದು ಕೆಲವರು ಹೇಳುವುದುಂಟು. ಲೆಕ್ಕ ಹಾಕಿದರೆ ಅದು ಒಂದೆರಡು ಮೀಟರ್ ಆಳಕ್ಕೆ ಸಮನಾದೀತು, ಅಷ್ಟೇ. ದೋಷ ಈಜಿನದಲ್ಲ, ಪರೀಕ್ಷಿಸದೆ ಕೊಟ್ಟ ಮಾತಿನದು, ಮುಪ್ಪಾದ ರಬ್ಬರಿನದು.

ಗಡಿಯಾರದ ಕೆಲಸ ಈ ನಾಡಿಗೆ ಅಪರಿಚಿತವಾಗಿದ್ದರೆ ಇಷ್ಟು ಹೇಳಿ ಬಿಡಬಹುದಾಗಿತ್ತು. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯು ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ 1961ರಲ್ಲಿ ಕೈಗಡಿಯಾರಗಳನ್ನು ತಯಾರಿಸಲಾರಂಭಿಸಿತು. ಆ ಸಿಟಿಜನ್ ಸಂಸ್ಥೆಯೇ 1959ರಲ್ಲಿ ‘ಪ್ಯಾರಾವಾಟರ್’ ಎಂಬ ಜಲರೋಧಕ ಗಡಿಯಾರವನ್ನು ಮಾಡಿ, ಮುಂದೆ ಅವನ್ನು ತೇಲುಬುರುಡೆಗಳಿಗೆ ಕಟ್ಟಿ ಪೆಸಿಫಿಕ್ ಸಾಗರದಲ್ಲಿ ಬಿಟ್ಟು ಪರೀಕ್ಷಿಸಿತ್ತು. ಬೆಂಗಳೂರಿಗೆ ಬಂದದ್ದು ಅಂಥವರ ವಿದ್ಯೆ. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. ಈ ಸಂಚಿಕೆಯ ಓದುಗರಲ್ಲಿ ಅನೇಕರ ಮೊದಲ ಗಡಿಯಾರ ‘ಜನತಾ’ ಆಗಿರಬಹುದು. ಮದುವೆಯಲ್ಲಿ ಮಾವನು ಕೊಟ್ಟದ್ದೋ ನಿವೃತ್ತಿಯ ದಿನ ಸಹೋದ್ಯೋಗಿಗಳು ಕಟ್ಟಿದ್ದೋ ಇರಬಹುದು. ಅವು ಆಳಕ್ಕೆ ಇಳಿಯತಕ್ಕ ಗಡಿಯಾರಗಳಾಗಿರಲಿಲ್ಲ. ಆದರೆ ಸಾವಿರದ ಒಂದು ಭಾಗ ಮಿಲಿಮೀಟರಿನ ಅಳತೆಯಲ್ಲಿ ಕೈಯನ್ನು ಪಳಗಿಸಿಕೊಂಡ ಸಾವಿರಾರು ಗಂಡಸರೂ ಹೆಂಗಸರೂ ಅಲ್ಲಿ ತಯಾರಾಗಿದ್ದರು. ಆಳದ ಗಡಿಯಾರಕ್ಕೂ ಬೇಕಾದದ್ದು ಅದೇ ಕೈ. 2016ರಲ್ಲಿ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿತು. ತುಮಕೂರಿನ ಕಾರ್ಖಾನೆಯ ನೆಲ ಮುಂದೆ ಇಸ್ರೋ ಸಂಸ್ಥೆಗೆ ಹೋಯಿತು. ನೆಲ ಸತ್ಪಾತ್ರಕ್ಕೇ ಸಂದಿತೆನ್ನಬೇಕು. ಆ ಕೈಗಳ ವಿದ್ಯೆ ಯಾರಿಗೂ ದಾನವಾಗಲಿಲ್ಲ.

ಈಗಿನ ಮುಳುಗುಗಾರರು ಮಣಿಕಟ್ಟಿಗೆ ಗಣಕಯಂತ್ರವನ್ನೇ ಕಟ್ಟಿಕೊಂಡು ಇಳಿಯುತ್ತಾರೆ, ಮುಳ್ಳಿನ ಗಡಿಯಾರ ಯಾರಿಗೆ ಬೇಕು ಎಂಬ ಆಕ್ಷೇಪಣೆ ಬಂದೀತು. ಮಾತು ನಿಜ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಹವಳ ನೋಡಲು ಇಳಿಯುವ ಹುಡುಗರನ್ನು ಕರೆದೊಯ್ಯುವವರ ಕೈಯಲ್ಲಿಯೂ ಅದೇ ಇದೆ. ಆದರೆ ಆ ಗಣಕಯಂತ್ರಕ್ಕೂ ಒಂದು ಕವಚ, ಒಂದು ಗುಂಡಿ, ಒಂದು ಬಳೆ ಬೇಕು. ಮೂರು ಮಂದಿಯನ್ನು 6,000 ಮೀಟರ್ ಆಳಕ್ಕೆ ಇಳಿಸಲೆಂದು ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಕಟ್ಟುತ್ತಿರುವ ‘ಮತ್ಸ್ಯ 6000’ ನೌಕೆಯ ಟೈಟಾನಿಯಂ ಗೋಳಕ್ಕೂ ಬಾಗಿಲು ಇದೆ, ಕಿಟಕಿ ಇದೆ. ಬಾಗಿಲಿನ ಪ್ರಶ್ನೆ ಹಳತಾಗುವ ಪ್ರಶ್ನೆಯಲ್ಲ. ಇನ್ನು ಮೈಸೂರಿನ, ಮಂಡ್ಯದ ಬೀದಿಗಳಲ್ಲಿ ಐದು ನಿಮಿಷದಲ್ಲಿ ಬ್ಯಾಟರಿ ಬದಲಾಯಿಸಿ ಕೊಡುವ ಅಂಗಡಿಗಳಿವೆ. ಮುಚ್ಚಳ ತೆಗೆದ ಕ್ಷಣಕ್ಕೆ ಬೆನ್ನಿನ ಮೇಲಿನ ಅಂಕಿ ಸುಳ್ಳಾಗುತ್ತದೆ. ಹೊಸ ಬಳೆ ಹಾಕಿ ಮರಳಿ ಪರೀಕ್ಷಿಸುವವರೆಗೂ ಅದು ಬರಿಯ ಚಿತ್ತಾರ. ಇದನ್ನು ಕೇಳಬೇಕೆಂದು ಗಿರಾಕಿಗೆ ತಿಳಿಯದು, ಹೇಳಬೇಕೆಂದು ಅಂಗಡಿಯವನಿಗೆ ಯಾರೂ ಕಲಿಸಿಲ್ಲ.

ಕಲಿಸುವುದು ಶಾಲೆಗಳ ಕೆಲಸವಾದುದರಿಂದ ದಾನಿಗಳ ಮುಂದೆ ಒಂದು ಸಣ್ಣ ಕೋರಿಕೆಯನ್ನು ಇಡಬಹುದು. ಕಟ್ಟಡಗಳಿಗೆ ಕೊಡುವವರು ಬಹಳ ಮಂದಿ. ಕಲ್ಲಿನ ಮೇಲೆ ಹೆಸರೂ ನಿಲ್ಲುತ್ತದೆ. ಗಡಿಯಾರ ರಿಪೇರಿಯವರು ಬಳಸುವ ಒಂದು ಪರೀಕ್ಷಾಪಾತ್ರೆ ಕಟ್ಟಡದ ಒಂದು ಕಿಟಕಿಯಷ್ಟು ಬೆಲೆಯದೂ ಅಲ್ಲ. ದಪ್ಪವಾದ ಪಾರದರ್ಶಕ ಕೊಳವೆ, ಮೇಲೊಂದು ಕೈಪಂಪು, ಒತ್ತಡದ ಮಾಪಕ. ಮಕ್ಕಳು ಮನೆಯ ಹಳೆಯ ಗಡಿಯಾರಗಳನ್ನು ತರಲಿ, ತಾತನ ಜನತಾ ಆದರೂ ಸರಿಯೆ. ವಿಜ್ಞಾನದ ಉಪಾಧ್ಯಾಯರು ಕೊಳವೆಗೆ ಅರ್ಧ ನೀರು ತುಂಬಿ, ಗಡಿಯಾರವನ್ನು ನೀರಿನ ಮೇಲೆ ಗಾಳಿಯಲ್ಲಿಯೇ ತೂಗಹಾಕಿ, ಪಂಪಿನಿಂದ ಒತ್ತಡವನ್ನು ಏರಿಸಲಿ. ಬಾಗಿಲು ಸಡಿಲವಿದ್ದರೆ ಗಾಳಿ ಆಗಲೇ ಒಳಗೆ ಸೇರಿರುತ್ತದೆ. ಕೆಲವು ನಿಮಿಷ ಕಾದು, ಗಡಿಯಾರವನ್ನು ನೀರಿಗೆ ಇಳಿಸಿ, ಒತ್ತಡವನ್ನು ಮೆಲ್ಲಮೆಲ್ಲನೆ ಬಿಟ್ಟರೆ ಒಳಸೇರಿದ ಗಾಳಿ ಬಂದ ದಾರಿಯಲ್ಲಿಯೇ ಹೊರಡುತ್ತದೆ. ಮೊದಲ ಗುಳ್ಳೆ ಕಂಡೊಡನೆ ಗಡಿಯಾರವನ್ನು ಮೇಲಕ್ಕೆ ಎತ್ತಿಬಿಡಬೇಕು, ಇಲ್ಲವಾದರೆ ನೀರು ಒಳಸೇರೀತು. ಗುಳ್ಳೆಯು ಗಾಜಿನ ಅಂಚಿನಿಂದ ಬಂದಿತೋ, ಮುಚ್ಚಳದಿಂದಲೋ, ಗುಂಡಿಯಿಂದಲೋ ಎಂದು ಮಕ್ಕಳು ಮೊದಲೇ ಊಹಿಸಿ ಹಲಗೆಯ ಮೇಲೆ ಬರೆದಿಡಲಿ. ಗುಂಡಿಯೆಂದು ಬರೆದವರೇ ಹೆಚ್ಚಾಗಿ ಗೆಲ್ಲುವರು.